ಬೇಲಿ ಹಾರುವ ನಾಯಿಯೂ ಸಾಕಿದವನ ಧರ್ಮವೂ

ಧರ್ಮದ ಪ್ರಶ್ನೆಗಳು ಗ್ರಂಥದ ಪುಟಗಳಿಂದಲೇ ಏಳುತ್ತವೆಂದು ತಿಳಿಯಬಾರದು. ಅವು ಹಿತ್ತಲಿನಿಂದಲೂ ಏಳುತ್ತವೆ, ದನದ ಕೊಟ್ಟಿಗೆಯಿಂದಲೂ ಏಳುತ್ತವೆ. ಸುರಪುರದ ಕಡೆಯ ಸದ್ಭಕ್ತರ ಮನೆತನವೊಂದರಿಂದ ಬಂದ ಪ್ರಶ್ನೆ ಇಂಥದು. ಆ ಮನೆಯಲ್ಲಿ ಒಂದೇ ತಾಯಿಯ ಎರಡು ನಾಯಿಗಳಿವೆ. ಜಾಲಿಮುಳ್ಳಿನ ಬೇಲಿ ಕಟ್ಟಿದರೆ ಅದರ ಬುಡವನ್ನು ಕೆದರಿ ನುಸುಳುತ್ತವೆ. ಗೋಡೆ ಎತ್ತರಿಸಿದರೆ ಕಟ್ಟಿಗೆಯ ಒಟ್ಟಿಲು ಹತ್ತಿ ಹಾರುತ್ತವೆ. ಬಾಗಿಲಿಗೆ ಅಗುಳಿ ಹಾಕಿದರೆ ಅದನ್ನು ಮೂತಿಯಿಂದ ಸರಿಸುವ ವಿದ್ಯೆಯನ್ನೂ ಕಲಿತಿವೆ. ಒಮ್ಮೆ ನೆರೆಮನೆಯ ಮುದುಕಿಯ ಕೋಳಿಗಳನ್ನು ಕೊಂದವು; ಇನ್ನೊಮ್ಮೆ ಶಾಲೆಗೆ ಹೊರಟ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗಿ ಬೀಳಿಸಿದವು. ಮನೆಯ ಹಿರಿಯರು ಸರಪಳಿಯಿಂದ ಕಟ್ಟಿರೆಂದರು. ಮೂಕಪ್ರಾಣಿಯನ್ನು ಹಗಲಿರುಳು ಕಟ್ಟಿಹಾಕುವುದು ಪಾಪವೆಂದು ಮಗ ವಾದಿಸಿದ. ದೂರದ ಊರಿಗೆ ಒಯ್ದು ಬಿಟ್ಟುಬಂದರೆ ತಂಟೆ ತೀರಿತೆಂದು ಮತ್ತೊಬ್ಬರು ಸೂಚಿಸಿದರು. ಕೊನೆಗೆ ಅವರು ಮಠಕ್ಕೆ ಕೇಳಿದ್ದು ಇಷ್ಟೆ: ಕಟ್ಟಿದರೆ ಪಾಪವೋ, ಬಿಟ್ಟರೆ ಪಾಪವೋ?

ವಾಚಕರು ಇದನ್ನು ಓದಿ ನಗಬಹುದು. ಆದರೆ ಕೊಂಚ ವಿಚಾರಮಾಡಿ ನೋಡಿರಿ. ಸ್ವಾತಂತ್ರ್ಯವೆಂದರೇನು, ನಿರ್ಬಂಧವೆಂದರೇನು, ಒಬ್ಬನ ಅಧೀನದಲ್ಲಿರುವ ಜೀವಿಯ ಕೃತ್ಯಕ್ಕೆ ಹೊಣೆಗಾರರು ಯಾರು? ರಾಜನಿಗೂ ತಂದೆಗೂ ಗುರುವಿಗೂ ಎದುರಾಗುವ ಈ ಪ್ರಶ್ನೆಗಳೇ ಇಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿವೆ.

ಪುರಾಣ ಪ್ರವಚನಗಳಲ್ಲಿ ಚಂಚಲವಾದ ಮನಸ್ಸನ್ನು ನಾಯಿಗೆ ಹೋಲಿಸುವುದು ರೂಢಿ. ನಾಯಿಯ ಬಾಲ ಡೊಂಕೆಂದು ಗಾದೆ ಹೇಳಿ ಮುಂದಿನ ವಿಷಯಕ್ಕೆ ಸಾಗುವುದೂ ರೂಢಿಯೇ. ಹೋಲಿಕೆಯಿಂದ ಉಪದೇಶಕ್ಕೆ ಅನುಕೂಲವಾದೀತು, ಆದರೆ ನಾಯಿಗೆ ಅನ್ಯಾಯವಾಗುತ್ತದೆ. ಮನಸ್ಸು ಬೇಲಿ ಹಾರಿದರೆ ಅದು ವಿವೇಕವಿದ್ದೂ ಮಾಡಿದ ತಪ್ಪು. ನಾಯಿ ಬೇಲಿ ಹಾರಿದರೆ ಅದು ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದದ್ದು. ಪಾಪವೆಂಬುದಕ್ಕೆ ಸಂಕಲ್ಪ ಬೇಕು, ಇದು ಸಲ್ಲ ಎಂಬ ಅರಿವು ಬೇಕು. ಕೋಳಿಯನ್ನು ಹಿಡಿದ ನಾಯಿಗೆ ಅಂಥ ಅರಿವಿಲ್ಲ. ಆದುದರಿಂದ ತುಂಟತನವೆಂದು ನಾವು ಕರೆಯುವುದು ನಮ್ಮ ಅನಾನುಕೂಲತೆಗೆ ನಾವೇ ಇಟ್ಟ ಹೆಸರು. ನಾಯಿ ಏಕೆ ಹಾರುತ್ತದೆಂದು ಕೇಳದೆ ಅದನ್ನು ದಂಡಿಸುವುದು ವಿಚಾರವಂತರ ಲಕ್ಷಣವಲ್ಲ.

ಹಾಗಾದರೆ ಅದು ಏಕೆ ಹಾರುತ್ತದೆ? ಉತ್ತರಕ್ಕೆ ನಮ್ಮ ನಾಡಿನ ಚರಿತ್ರೆಯನ್ನೇ ನೋಡಬೇಕು. ಸುರಪುರವು ಬೇಡ ನಾಯಕರು ಆಳಿದ ಸಂಸ್ಥಾನ. ಬೇಟೆ ಅಲ್ಲಿನ ಜನಜೀವನದ ಅಂಗವಾಗಿತ್ತು, ನಾಯಿ ಬೇಟೆಗಾರನ ಜೊತೆಗಾರನಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಷಿದ್ಧವಾಯಿತು. ಅದು ನ್ಯಾಯವೇ ಆಯಿತು. ಶಹಾಪುರ, ಸುರಪುರಗಳ ಜೋಳದ ಹೊಲಗಳ ನಡುವಿನ ಬಯಲುಗಳಲ್ಲಿ ಕುರಿಹಿಂಡುಗಳೊಡನೆ ನಾಯಿಗಳು ಸಂಚರಿಸುತ್ತಿದ್ದವು. ಕೃಷ್ಣಾ ನದಿಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಜಲಾಶಯವು 1982ರಲ್ಲಿ ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯ ನೀರು ಹರಿದು, ಬಹಳಷ್ಟು ಹೊಲಗಳು ಬತ್ತದ ಗದ್ದೆಗಳಾದವು, ಮೇವಿನ ಬಯಲು ಕಿರಿದಾಯಿತು. ರೈತನ ಮನೆಗೆ ಅನ್ನ ಬಂದಿತು; ನಾಯಿಯ ಪಾಲಿನ ಕೆಲಸ ಹೋಯಿತು. ಕೆಲಸ ಹೋದರೂ ಅದಕ್ಕಾಗಿ ತಲೆತಲಾಂತರದಿಂದ ರೂಪುಗೊಂಡ ಕಾಲು, ಮೂಗು, ಎಚ್ಚರಗಳು ಹಾಗೆಯೇ ಉಳಿದಿವೆ. ಮನುಷ್ಯನು ನಾಯಿಯನ್ನು ಜೊತೆಗಿಟ್ಟುಕೊಂಡು ಸುಮಾರು 15,000 ವರ್ಷಗಳಾದುವೆಂದು ವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ಕಾಲದ ಸಂಸ್ಕಾರವು ನಲವತ್ತು ವರ್ಷಗಳಲ್ಲಿ ಅಳಿಯುವುದೆಂತು?

ಮುಧೋಳದ ನಾಯಿಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ತಳಿಗೆ ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಅಂಚೆಚೀಟಿಯ ಗೌರವವನ್ನಿತ್ತಿತು. ಅದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ನಾಯಿ. ದೂರದಲ್ಲಿ ಮೊಲವೊಂದು ಅಲುಗಿದರೆ ಅದರ ದೇಹವೆಲ್ಲ ಓಟವಾಗುತ್ತದೆ. ಇಂಥ ನಾಯಿಯನ್ನು ತಂದು ಪಟ್ಟಣದ ಮೂವತ್ತು ಅಡಿಯ ಅಂಗಳದಲ್ಲಿ ಕೂಡಿಹಾಕಿ, ಅದು ಗೋಡೆ ಹಾರಿತೆಂದು ದೂರುವುದು, ಮೀನನ್ನು ಒಣನೆಲದಲ್ಲಿರಿಸಿ ಅದು ಒದ್ದಾಡುತ್ತದೆಂದು ದೂರಿದಂತೆಯೇ ಸರಿ.

ಇದಕ್ಕೆ ಪ್ರತಿಯಾಗಿ ಕುರಿಗಾರನ ನಾಯಿಯನ್ನು ನೋಡಿರಿ. ಅದಕ್ಕೆ ಗೋಡೆಯಿಲ್ಲ, ಅಗುಳಿಯಿಲ್ಲ. ಇರುಳಿನಲ್ಲಿ ಹಟ್ಟಿಯ ಸುತ್ತಲೂ ಬಯಲು, ಬಯಲಿನ ಆಚೆ ತೋಳ. ಓಡಿಹೋಗಲು ನಾಲ್ಕೂ ದಿಕ್ಕು ತೆರೆದಿದ್ದರೂ ಅದು ಹಿಂಡನ್ನು ಬಿಟ್ಟು ಹೋಗುವುದಿಲ್ಲ. ಗೋಡೆಯುಳ್ಳ ನಾಯಿ ಓಡುತ್ತದೆ, ಗೋಡೆಯಿಲ್ಲದ ನಾಯಿ ನಿಲ್ಲುತ್ತದೆ! ಈ ವ್ಯತ್ಯಾಸದ ಮೂಲ ಮುಖ್ಯವಾಗಿ ಕಾಯಕದಲ್ಲಿದೆ. ಹಿಂಡಿನೊಡನೆ ಬೆಳೆದ ನಾಯಿಗೆ ಮಾಡಲು ಕೆಲಸವುಂಟು, ನಡೆಯಲು ದಾರಿಯುಂಟು, ಜೊತೆಯಲ್ಲಿ ಒಡೆಯನುಂಟು. ಶರಣರು ಮನುಷ್ಯನಿಗೆ ಕಾಯಕವನ್ನು ವಿಧಿಸಿದ್ದು ಹೊಟ್ಟೆಯ ಪಾಡಿಗಾಗಿ ಮಾತ್ರವಲ್ಲ. ಕಾಯಕವಿಲ್ಲದ ಜೀವ ತನ್ನಲ್ಲಿಯೇ ನೆಲೆ ನಿಲ್ಲಲಾರದೆಂಬ ಅರಿವಿನಿಂದ. ಆ ಮಾತು ನಮ್ಮ ಹಿತ್ತಲಿನಲ್ಲಿಯೂ ನಿಜವಾಗಿದೆ.

ಇಲ್ಲಿ ಒಂದು ಶಂಕೆ ಏಳಬಹುದು. ನಾಯಿಗೆ ಸ್ವಭಾವದ ನೆಪವಿತ್ತು ಬಿಟ್ಟುಬಿಡುವುದಾದರೆ ಕೋಳಿ ಕಳೆದುಕೊಂಡ ಮುದುಕಿಯ ಗತಿಯೇನು? ಬಿದ್ದು ಮೊಣಕಾಲು ತರಚಿಕೊಂಡ ಬಾಲೆಯ ಗತಿಯೇನು? ಶಂಕೆ ಸರಿಯಾಗಿಯೇ ಇದೆ. ನಾಯಿಗೆ ಪಾಪವಿಲ್ಲವೆಂದ ಮಾತ್ರಕ್ಕೆ ಪಾಪವೇ ಇಲ್ಲವೆಂದಾಗುವುದಿಲ್ಲ. ಅರಿವಿಲ್ಲದವನ ಕೃತ್ಯದ ಹೊಣೆಯು ಅರಿವುಳ್ಳವನಿಗೆ ಸಲ್ಲುತ್ತದೆ. ನಾಯಿ ಎಷ್ಟು ನಿರ್ದೋಷಿಯೋ ಸಾಕಿದವನು ಅಷ್ಟೇ ಹೊಣೆಗಾರ. ಕೋಳಿಯ ಬೆಲೆಯನ್ನು ಕೇಳುವ ಮೊದಲೇ ಕೊಡುವುದು ಸದಾಚಾರ; ಮುದುಕಿಯ ಮನೆಗೆ ತಾನೇ ಹೋಗಿ ಕೈಜೋಡಿಸುವುದು ಭೃತ್ಯಾಚಾರ. ಪಂಚಾಚಾರಗಳನ್ನು ಪೂಜಾಗೃಹದಲ್ಲಿ ಪಠಿಸಿ ನೆರೆಮನೆಯ ಹೊಸ್ತಿಲಲ್ಲಿ ಮರೆಯುವವನು ಅವುಗಳನ್ನು ಪಠಿಸಿದ್ದೂ ವ್ಯರ್ಥ.

ಅಲ್ಲದೆ ಬೇಲಿ ಹಾರಿದ ನಾಯಿಗೂ ಬೀದಿಯ ನಾಯಿಗೂ ಹೊರಗಿನವರ ಕಣ್ಣಿಗೆ ಭೇದವಿಲ್ಲ. ಹುಚ್ಚುರೋಗಕ್ಕಂತೂ ಇಲ್ಲವೇ ಇಲ್ಲ. ರೇಬಿಸ್ ಎಂಬ ಆ ರೋಗದ ಲಕ್ಷಣಗಳು ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ನಿಶ್ಚಿತ. ಮನುಷ್ಯರಿಗೆ ತಗಲುವ ಈ ರೋಗದ ಬಹುಪಾಲು ನಾಯಿಯ ಕಡಿತದಿಂದಲೇ ಬರುತ್ತದೆ. ಲೂಯಿ ಪಾಶ್ಚರ್ ಎಂಬ ಮಹನೀಯರು 1885ರಲ್ಲಿ ಬಾಲಕನೊಬ್ಬನಿಗೆ ಲಸಿಕೆಯಿತ್ತು ಉಳಿಸಿದಂದಿನಿಂದ ತಡೆಯ ಮಾರ್ಗ ನಮ್ಮ ಕೈಯಲ್ಲಿದೆ. ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮಂತ್ರಗಳಿಂದ ಕಾಲಹರಣ ಮಾಡಬಾರದು. ನಾಯಿಗೆ ಮೂರು ತಿಂಗಳಾದಾಗಲೇ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು. ಇದನ್ನು ಮಾಡದೆ ನಾಯಿಯ ಹಣೆಗೆ ವಿಭೂತಿ ಹಚ್ಚಿದರೆ ಶಿವನು ಮೆಚ್ಚಲಾರನು.

ಈಗ ಮೂಲಪ್ರಶ್ನೆಗೆ ಬರೋಣ. ಶೈವಶಾಸ್ತ್ರದಲ್ಲಿ ಪತಿ, ಪಶು, ಪಾಶವೆಂಬ ಮೂರು ತತ್ತ್ವಗಳಿವೆ. ಪಾಶವೆಂದರೆ ಹಗ್ಗ, ಹಗ್ಗದಿಂದ ಕಟ್ಟುಂಡ ಜೀವನೇ ಪಶು, ಆ ಕಟ್ಟನ್ನು ಬಿಡಿಸಬಲ್ಲವನು ಪತಿಯಾದ ಶಿವ. ಶಿವನ ಪಂಚಕೃತ್ಯಗಳಲ್ಲಿ ಸೃಷ್ಟಿ, ಸ್ಥಿತಿ, ಸಂಹಾರಗಳ ನಂತರ ತಿರೋಧಾನವನ್ನೂ ಅನುಗ್ರಹವನ್ನೂ ಹೇಳಿದ್ದಾರೆ. ತಿರೋಧಾನವೆಂದರೆ ಮರೆಮಾಡುವಿಕೆ, ಜೀವನು ಪಕ್ವವಾಗುವವರೆಗಿನ ನಿರ್ಬಂಧ. ಅದೂ ದಯೆಯ ಒಂದು ರೂಪವೇ ಎಂದು ಆಚಾರ್ಯರು ವಿವರಿಸುತ್ತಾರೆ. ಏಕೆಂದರೆ ಅದರ ಗುರಿ ಅನುಗ್ರಹ. ಕಟ್ಟುವುದೆಲ್ಲ ಹಿಂಸೆಯಲ್ಲ, ಬಿಡುವುದೆಲ್ಲ ದಯೆಯೂ ಅಲ್ಲ ಎಂಬ ಸೂಕ್ಷ್ಮ ಇಲ್ಲಿದೆ. ಹೆದ್ದಾರಿಯತ್ತ ಓಡುವ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದ ತಾಯಿ ಮಗುವನ್ನು ಬಂಧಿಸಿದಳೇ, ಬದುಕಿಸಿದಳೇ?

ಆದುದರಿಂದ ಪ್ರತಿಯೊಂದು ಹಗ್ಗವನ್ನೂ ಒಂದು ಪ್ರಶ್ನೆಯಿಂದ ಪರೀಕ್ಷಿಸಬೇಕು: ಇದು ಯಾರ ಹಿತಕ್ಕಾಗಿ? ಕಟ್ಟುಂಡ ಜೀವಿಯ ಹಿತವೂ ನೆರೆಯವರ ಹಿತವೂ ಅದರಲ್ಲಿದ್ದರೆ, ಅದು ಅವಶ್ಯವಾದಷ್ಟೇ ಉದ್ದ, ಅವಶ್ಯವಾದಷ್ಟೇ ಹೊತ್ತು ಇದ್ದರೆ, ಅದು ಧರ್ಮದ ಹಗ್ಗ. ಸಾಕಿದವನ ಸೋಮಾರಿತನವೊಂದೇ ಅದರ ಕಾರಣವಾಗಿದ್ದರೆ ಅದು ಬರಿಯ ಪಾಶ. ಬೆಳಿಗ್ಗೆ ನಾಯಿಯೊಡನೆ ಎರಡು ಮೈಲಿ ನಡೆಯಲು ಬೇಸರಪಟ್ಟು ಅದನ್ನು ದಿನವಿಡೀ ಎರಡು ಮೊಳದ ಸರಪಳಿಗೆ ಕಟ್ಟುವವನು ನಾಯಿಯನ್ನಲ್ಲ, ತನ್ನ ಆಲಸ್ಯವನ್ನು ಸಾಕುತ್ತಿದ್ದಾನೆ.

ನಾಡಿನ ಕಾನೂನು ಈ ವಿವೇಕವನ್ನು ತನ್ನ ಭಾಷೆಯಲ್ಲಿ ಹೇಳಿದೆಯೆಂಬುದು ಗಮನಾರ್ಹ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಪ್ರಾಣಿಯನ್ನು ಅನುಚಿತವಾಗಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಿಂದ ಅತಿಕಾಲ ಕಟ್ಟುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಹೋಗುವುದನ್ನೂ ಹಾಗೆಯೇ ಎಣಿಸುತ್ತದೆ. ಇನ್ನೊಂದೆಡೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಸಂಭವಿಸದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬಿಗಿಯಾಗಿ ಕಟ್ಟಬೇಡ, ಮೈಮರೆತು ಬಿಡಬೇಡ, ತೊರೆದು ಬರಬೇಡ: ಆ ಮನೆಯ ಮೂವರ ಸಲಹೆಗಳೂ ಇಲ್ಲಿ ನಿಲ್ಲುವುದಿಲ್ಲ.

ಮೂರನೆಯ ಸಲಹೆಯ ವಿಷಯವಾಗಿ ಎರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ದೂರ ಒಯ್ದು ಬಿಟ್ಟುಬರುವುದರಿಂದ ತಂಟೆ ತೀರುವುದಿಲ್ಲ. ನಮ್ಮ ಮುದುಕಿಯ ಕೋಳಿ ಉಳಿದು ಇನ್ನೊಂದು ಊರಿನ ಮುದುಕಿಯ ಕೋಳಿ ಹೋಗುತ್ತದೆ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನು ತನ್ನ ಬೆನ್ನುಹತ್ತಿ ಬಂದ ನಾಯಿಯನ್ನು ತೊರೆದು ಸ್ವರ್ಗದ ರಥವೇರಲು ಒಪ್ಪಲಿಲ್ಲ. ಆ ನಾಯಿ ಅವನು ಸಾಕಿದ್ದೂ ಅಲ್ಲ. ಆಶ್ರಯಿಸಿ ಬಂದದ್ದು ಮಾತ್ರ. ಕರೆಯದೆ ಬಂದುದನ್ನೇ ತೊರೆಯಬಾರದಾದರೆ, ಕಣ್ಣು ತೆರೆಯದ ಮರಿಯಾಗಿದ್ದಾಗ ಮಡಿಲಲ್ಲಿಟ್ಟು ತಂದುದನ್ನು ತೊರೆಯಬಹುದೇ? ನಮ್ಮ ಪರಂಪರೆಯಲ್ಲಿಯೂ ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದ ಓದಿಸಿದರೆಂಬ ಕಥೆಯಿದೆ. ಜಗತ್ತು ಹೊರಗಿಟ್ಟ ಜೀವಿಯಲ್ಲಿಯೂ ಶಿವಚೈತನ್ಯವುಂಟೆಂಬುದೇ ಆ ಕಥೆಯ ತಾತ್ಪರ್ಯ. ಮೈಲಾರನ ಭಕ್ತರಾದ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯ ಪ್ರಸಾದವನ್ನು ಸ್ವೀಕರಿಸುವಾಗ ತಮ್ಮನ್ನು ದೇವರ ಬಾಗಿಲಿನ ನಾಯಿಗಳೆಂದು ಭಾವಿಸುತ್ತಾರೆ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆ ನೋಡಿದವರಿಗೆ ಈ ದೈವದ ಮೇಲಿನ ಜನರ ಭಕ್ತಿಯ ಆಳ ತಿಳಿದಿದೆ. ಅಲ್ಲಿಯೇ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ರೂಢಿಯನ್ನು ಜಿಲ್ಲಾಡಳಿತ ನಿಷೇಧಿಸಿತು. ಭಕ್ತಿ ಎಷ್ಟೇ ದೊಡ್ಡದಾದರೂ ಮೂಕಜೀವಿಯ ನೋವು ಅದರ ಲೆಕ್ಕಕ್ಕೆ ಬರಬೇಕೆಂಬುದು ಅದರ ಅರ್ಥ. ಪ್ರೀತಿಗೂ ಇದೇ ನಿಯಮ.

ಸಂತಾನಹರಣ ಶಸ್ತ್ರಚಿಕಿತ್ಸೆ ಹಿಂಸೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೆದೆಗೆ ಬಂದ ಹೆಣ್ಣುನಾಯಿಯ ವಾಸನೆ ಹಿಡಿದು ಗಂಡುನಾಯಿಗಳು ಗೋಡೆ ಹಾರುವುದು ಅತ್ಯಂತ ಸಾಮಾನ್ಯವಾದ ಕಾರಣ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು. ಗರ್ಭಾವಧಿ ಸುಮಾರು 63 ದಿನ. ಹುಟ್ಟಿದ ಮರಿಗಳು ಹಸಿವಿನಿಂದಲೋ ವಾಹನದ ಗಾಲಿಗೆ ಸಿಕ್ಕೋ ಸಾಯುವುದನ್ನು ನಾವು ನಿತ್ಯ ಕಾಣುತ್ತೇವೆ. ನುರಿತ ವೈದ್ಯರ ಕೈಯ ಒಂದು ಹೊತ್ತಿನ ನೋವು, ಹತ್ತಾರು ಜೀವಗಳ ಸಾವು: ಇವೆರಡನ್ನು ತೂಗಿ ನೋಡಿದರೆ ವಿವೇಕಿಗೆ ಉತ್ತರ ಹೊಳೆಯುತ್ತದೆ.

ಹೀಗೆ ವಿಚಾರಿಸಿದಾಗ ನಮ್ಮ ನಿರ್ಣಯವಿದು. ಗೋಡೆ ಇರಲಿ, ಅದರ ಬುಡಕ್ಕೆ ಕಲ್ಲು ಹಾಸಿರಲಿ, ಹತ್ತಲು ಅನುವಾದ ಒಟ್ಟಿಲು ದೂರ ಸರಿಯಲಿ. ಆದರೆ ಗೋಡೆಯನ್ನು ಕಟ್ಟಿದಲ್ಲಿಗೆ ಧರ್ಮ ಮುಗಿಯಿತೆಂದು ತಿಳಿಯದಿರಿ. ದಿನಕ್ಕೆರಡು ಬಾರಿ ಹಗ್ಗ ಹಿಡಿದು ಹೊಲದವರೆಗೆ ಕರೆದೊಯ್ಯಿರಿ. ಕರೆದರೆ ಬರುವುದನ್ನು ಮರಿಯಿಂದಲೇ ಕಲಿಸಿರಿ. ಹೊಲ ಕಾಯುವ, ಮನೆ ಕಾಯುವ ಯಾವುದಾದರೊಂದು ಕಾಯಕವನ್ನು ಕೊಡಿರಿ. ತಪ್ಪಿಸಿಕೊಂಡು ಮರಳಿ ಬಂದಾಗ ಹೊಡೆಯದಿರಿ. ಹೊಡೆದರೆ ಓಡಿದ್ದಕ್ಕಲ್ಲ, ಮರಳಿ ಬಂದದ್ದಕ್ಕೆ ಶಿಕ್ಷೆಯಾಯಿತೆಂದು ಅದು ತಿಳಿಯುತ್ತದೆ. ಇಷ್ಟನ್ನೂ ಮಾಡಲು ಸಮಯವಿಲ್ಲದವರು ನಾಯಿಯನ್ನು ತರದಿರುವುದೇ ದಯೆ. ಬಸವಣ್ಣನವರು ದಯೆಯನ್ನು ಧರ್ಮದ ಬೇರಿನ ಸ್ಥಾನದಲ್ಲಿರಿಸಿದರು. ಬೇರಿಗೆ ನಿತ್ಯವೂ ನೀರೆರೆಯುವ ಶ್ರಮವುಂಟೆಂಬುದನ್ನು ಮರೆಯಬಾರದು.

ಮನೆಯ ಮಕ್ಕಳ ವಿಷಯದಲ್ಲಿಯೂ ಮಠದ ವಿದ್ಯಾರ್ಥಿಗಳ ವಿಷಯದಲ್ಲಿಯೂ ಇದನ್ನು ಅನ್ವಯಿಸಿಕೊಳ್ಳುವವರು ಅನ್ವಯಿಸಿಕೊಳ್ಳಲಿ. ಗೋಡೆಯನ್ನು ಎತ್ತರಿಸುವುದು ಸುಲಭ, ಜೊತೆಯಲ್ಲಿ ನಡೆಯುವುದು ಕಷ್ಟ. ಕಷ್ಟವಾದುದೇ ಸಾಕಿದವನ ಪಾಲಿಗೆ ಬಂದ ಕಾಯಕ.