ಹದಿನೇಳನೇ ಓವರ್ ಯಾರಿಗೆ?

ಸೋತ ಮರುದಿನ ರಾಯಚೂರಿನಲ್ಲಿ ನಾಯಕರಿಗೆ ಬರವಿಲ್ಲ. ಯಾರಿಗೆ ಬಾಲ್ ಕೊಡಬೇಕಿತ್ತು, ಯಾರನ್ನು ಮೇಲಿನ ಕ್ರಮಾಂಕಕ್ಕೆ ಕಳಿಸಬೇಕಿತ್ತು ಎಂಬುದು ಚಹಾದಂಗಡಿಯ ಬೆಂಚಿನ ಮೇಲೆ ಕೂತ ಎಲ್ಲರಿಗೂ ಗೊತ್ತು. ಆ ಓವರ್ ಶುರುವಾಗುವ ಮೊದಲೇ ಹೇಳಿದ್ದವರು ಯಾರು ಎಂದು ಕೇಳಿ ನೋಡಿ, ಮಾತು ಮಿರ್ಚಿ, ಮಂಡಾಳು ಒಗ್ಗರಣೆಯ ಕಡೆ ಹೊರಳುತ್ತದೆ.

*

ಹೈದರಾಬಾದ್ ನಮಗೆ ಬೆಂಗಳೂರಿನ ಅರ್ಧ ದೂರ. ಆದರೂ ದೇವದುರ್ಗದ ಹುಡುಗ ಉಪ್ಪಲ್ ಮೈದಾನಕ್ಕೆ ಹೋಗುವುದು ಆರ್‌ಸಿಬಿಯ ಕೆಂಪಂಗಿ ತೊಟ್ಟು, ಸನ್‌ರೈಸರ್ಸ್ ಸೋಲಲಿ ಎಂದು. ಹತ್ತಿರದ ತಂಡ ಬಿಟ್ಟು ದೂರದ್ದನ್ನು ಹಚ್ಚಿಕೊಂಡವನಿಗೆ ಬೈಯುವ ಹಕ್ಕು ಒಂದು ತೂಕ ಜಾಸ್ತಿಯೇ ಇರಲಿ.

*

‘ಇವನಿಗ್ಯಾಕ ಬಾಲ್ ಕೊಟ್ಟಾನಪ!’ ಸಿಕ್ಸರ್‌ಗೆ ಮೊದಲು ಬಂದರೆ ಇದು ವಿಮರ್ಶೆ. ಆಮೇಲೆ ಬಂದರೆ ನರಳಾಟ.

*

ನಿರ್ಧಾರದ ಯೋಗ್ಯತೆಯೇ ಬೇರೆ, ಫಲವೇ ಬೇರೆ. 2009ರ ಐಪಿಎಲ್ ಫೈನಲ್, ಜೊಹಾನ್ಸ್‌ಬರ್ಗ್. ಅನಿಲ್ ಕುಂಬ್ಳೆ ಮೊದಲ ಓವರನ್ನು ತಾವೇ ಹಾಕಿದರು. ಲೆಗ್ ಸ್ಪಿನ್ನರ್ ಕೈಯಲ್ಲಿ ಹೊಸ ಚೆಂಡು! ಮೂರನೇ ಎಸೆತಕ್ಕೆ ಗಿಲ್‌ಕ್ರಿಸ್ಟ್ ಬೌಲ್ಡ್, ಸೊನ್ನೆ. ಕೊನೆಗೆ ಕುಂಬ್ಳೆ ಲೆಕ್ಕ 16 ರನ್‌ಗೆ 4 ವಿಕೆಟ್. ಪಂದ್ಯ ಮಾತ್ರ 6 ರನ್ನಿನಿಂದ ಡೆಕ್ಕನ್ ಚಾರ್ಜರ್ಸ್ ಪಾಲಾಯಿತು. ಸೋತ ಪಂದ್ಯದಲ್ಲಿ ಹೂತುಹೋದ ಒಳ್ಳೆಯ ನಿರ್ಧಾರವನ್ನು ಅಗೆದು ತೆಗೆಯುವ ಅಭಿಮಾನಿ ಅಪರೂಪ.

ಗೆದ್ದ ಪಂದ್ಯದಲ್ಲೂ ಅಷ್ಟೇ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಪ್ಲೇಆಫ್ ತಲುಪಲು ಚೆನ್ನೈಗೆ ಕೊನೆಯ ಓವರ್‌ನಲ್ಲಿ 17 ರನ್ ಬೇಕಿತ್ತು. ಎದುರಿಗೆ ಧೋನಿ. ಡು ಪ್ಲೆಸಿ ಚೆಂಡು ಕೊಟ್ಟದ್ದು ಯಶ್ ದಯಾಳ್‌ಗೆ, ಹಿಂದಿನ ವರ್ಷವಷ್ಟೇ ಕೊನೆಯ ಓವರ್‌ನಲ್ಲಿ ರಿಂಕು ಸಿಂಗ್ ಕೈಲಿ ಐದು ಸಿಕ್ಸರ್ ಹೊಡೆಸಿಕೊಂಡಿದ್ದ ಬೌಲರ್‌ಗೆ. ಮೊದಲ ಎಸೆತವೇ ಸಿಕ್ಸರ್, ಚೆಂಡು ಕ್ರೀಡಾಂಗಣದ ಆಚೆ. ಒದ್ದೆ ಚೆಂಡು ಹೋಗಿ ಒಣ ಚೆಂಡು ಬಂತು, ಎರಡನೇ ಎಸೆತಕ್ಕೆ ಧೋನಿ ಔಟ್. ಇಡೀ ಓವರ್‌ಗೆ ಬಂದದ್ದು 7 ರನ್. ಇದರಲ್ಲಿ ನಾಯಕನ ಗಟ್ಟಿತನ ಎಷ್ಟು, ಕಳೆದುಹೋದ ಚೆಂಡಿನ ಉಪಕಾರ ಎಷ್ಟು? ಗೆದ್ದ ರಾತ್ರಿ ಈ ಲೆಕ್ಕ ಯಾರಿಗೂ ಬೇಡ.

*

2016ರ ಫೈನಲ್ ಎಂದರೆ ನಮ್ಮವರಿಗೆ ಇಂದಿಗೂ ಬ್ಯಾಟಿಂಗ್ ಕುಸಿತದ ದುಃಖ. ಗೇಲ್ 76, ಕೊಹ್ಲಿ 54, ಮೊದಲ ವಿಕೆಟ್‌ಗೆ 10.3 ಓವರ್‌ಗಳಲ್ಲಿ 114. ಆಮೇಲೆ ಜಾರುತ್ತಾ ಜಾರುತ್ತಾ 8 ರನ್ನಿನ ಸೋಲು. ಅದಕ್ಕೂ ಮುಂಚಿನ ಇನಿಂಗ್ಸ್ ನೋಡಿ: ವಾಟ್ಸನ್ ಹಾಕಿದ ಇಪ್ಪತ್ತನೇ ಓವರ್‌ಗೆ 24 ರನ್, ಅವರ ನಾಲ್ಕು ಓವರ್‌ಗೆ 61. ಅದೇ ಪಿಚ್ಚಿನಲ್ಲಿ ನಮ್ಮ ಶ್ರೀನಾಥ್ ಅರವಿಂದ್ ನಾಲ್ಕು ಓವರ್‌ಗೆ 30 ಕೊಟ್ಟು ಎರಡು ವಿಕೆಟ್ ತೆಗೆದಿದ್ದರು. ಬ್ಯಾಟಿನ ತಪ್ಪು ಕಣ್ಣಿಗೆ ಬೀಳುತ್ತದೆ, ಚೆಂಡಿನ ತಪ್ಪು ಸ್ಕೋರಿನಲ್ಲಿ ಕರಗಿ ಹೋಗುತ್ತದೆ.

*

262 ರನ್ ಹೊಡೆದು ಸೋಲುವುದು ಹೇಗೆಂದು ತಿಳಿಯಬೇಕಾದವರು 2024ರ ಏಪ್ರಿಲ್ 15ರ ಸ್ಕೋರ್‌ಕಾರ್ಡ್ ತೆಗೆಯಲಿ. ಸನ್‌ರೈಸರ್ಸ್ 287. ನಮ್ಮ ನಾಲ್ವರು ಬೌಲರ್‌ಗಳು ತಲಾ 50ಕ್ಕಿಂತ ಹೆಚ್ಚು ಕೊಟ್ಟಿದ್ದರು.

*

ರಾಯಚೂರಿನವನಿಗೆ ಬೌಲಿಂಗ್ ಬದಲಾವಣೆಯ ಪಾಠ ಊರಿನ ಚರಿತ್ರೆಯಲ್ಲೇ ಇದೆ. 1520ರ ರಾಯಚೂರು ಕದನದಲ್ಲಿ ಇಸ್ಮಾಯಿಲ್ ಆದಿಲ್ ಶಾಹನ ಬಲವೆಲ್ಲ ಫಿರಂಗಿ. ಕೃಷ್ಣದೇವರಾಯನ ಮೊದಲ ಸಾಲು ನುಗ್ಗಿದ ಕೂಡಲೇ ಅಷ್ಟೂ ಫಿರಂಗಿಗಳನ್ನು ಒಟ್ಟಿಗೇ ಹಾರಿಸಿಬಿಟ್ಟರು ಎಂದು ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಮೊದಲ ಸಾಲು ಚೆಲ್ಲಾಪಿಲ್ಲಿಯಾಯಿತು, ನಿಜ. ಆದರೆ ರಾಯ ಎರಡನೇ ಸಾಲಿನೊಂದಿಗೆ ತಾನೇ ಇಳಿದಾಗ ಅವರ ಬಳಿ ತುಂಬಿದ ಫಿರಂಗಿ ಉಳಿದಿರಲಿಲ್ಲ. ಪವರ್‌ಪ್ಲೇಯಲ್ಲೇ ಮುಖ್ಯ ಬೌಲರ್‌ನ ಮೂರು ಓವರ್ ಮುಗಿಸುವ ನಾಯಕನನ್ನು ಕಂಡಾಗಲೆಲ್ಲ ನನಗೆ ಆದಿಲ್ ಶಾಹನ ಗೋಲಂದಾಜರು ನೆನಪಾಗುತ್ತಾರೆ.

ಅದರ ಎದುರು ತಪ್ಪೂ ಇದೆ. ಒಳ್ಳೆಯ ಬೌಲರ್‌ನನ್ನು ಕೊನೆಗೆಂದು ಕೂಡಿಟ್ಟು, ಎದುರಾಳಿ 190 ದಾಟಿದ ಮೇಲೆ ಕರೆಯುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ಕೋಟೆ ಇರುವ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

*

ಮಾನ್ವಿ ಕಡೆಯ ಎರೆ ಹೊಲ ಬೇಸಿಗೆಗೆ ಬಿರಿದರೆ ಬಿರುಕಿನೊಳಗೆ ಬೆರಳು ತೂರುತ್ತದೆ. ಹತ್ತಿಕಟ್ಟಿಗೆ ಕಿತ್ತ ಜಾಗದಲ್ಲಿ ಮ್ಯಾಟ್ ಹಾಸಿ, ನಾಲ್ಕು ಮೂಲೆಗೆ ಮೊಳೆ ಬಡಿದು, ಟೆನಿಸ್ ಬಾಲ್ ಟೂರ್ನಿ ಶುರು ಮಾಡುತ್ತಾರೆ. ಅಂಪೈರ್ ಆರು ಕಲ್ಲು ಹಿಡಿದು ನಿಲ್ಲುತ್ತಾನೆ, ಎಸೆತಕ್ಕೊಂದು ಕಲ್ಲು ಎಡ ಜೇಬಿನಿಂದ ಬಲ ಜೇಬಿಗೆ. ಚೆಂಡು ಮ್ಯಾಟಿನಡಿಯ ಹೆಂಟೆಗೆ ಬಿದ್ದರೆ ಗದ್ದಕ್ಕೆ ಬರುತ್ತದೆ, ಬಿರುಕಿಗೆ ಬಿದ್ದರೆ ಕಾಲ್ಬೆರಳಿಗೆ. ಇಂಥಲ್ಲಿ ಮುಂಗಾಲು ಚಾಚಿ ತಡೆಯುವುದನ್ನು ಯಾರು ಕಲಿತಾರು? ಎಲ್ಲರೂ ಅಡ್ಡ ಬೀಸುವವರೇ. ನೆಟ್ಟಗೆ ಎಸೆಯುವ ಒಬ್ಬ ಬೌಲರ್ ಇದ್ದರೆ ಆ ತಂಡಕ್ಕೆ ಕಪ್ಪು. ಐಪಿಎಲ್ ಹರಾಜಿನ ಮೇಜಿನವರಿಗೆ ಹದಿನೇಳು ವರ್ಷ ತಿಳಿಯದ್ದು ಹಳ್ಳಿ ಟೂರ್ನಿಯ ನಾಯಕನಿಗೆ ಮೊದಲ ಪಂದ್ಯದಲ್ಲೇ ತಿಳಿದಿರುತ್ತದೆ.

ಆದರೂ ಅವನು ಹೊಸ ಚೆಂಡು ಕೊಡುವುದು ಟೂರ್ನಿಗೆ ಚಂದಾ ಕೊಟ್ಟ ಸಾಹುಕಾರನ ಮಗನಿಗೆ. ತಿಳಿವಳಿಕೆಗೂ ಅಧಿಕಾರಕ್ಕೂ ನಡುವೆ ಬಿರುಕು ಎರೆ ಮಣ್ಣಿನಲ್ಲಿ ಮಾತ್ರ ಇರುವುದಿಲ್ಲ.

*

ಇಂಥ ರಾಯಚೂರಿನಲ್ಲಿ ಹುಟ್ಟಿದವರು ಯರೇಗೌಡ. ಬೀಸುವ ಊರಿನಿಂದ ಹೋಗಿ ತಡೆಯುವುದರಲ್ಲಿ ಹೆಸರು ಮಾಡಿದವರು. ದ್ರಾವಿಡ್, ವಿಜಯ್ ಭಾರದ್ವಾಜ್ ಕಾಲದ ಕರ್ನಾಟಕದ ಮಧ್ಯಮ ಕ್ರಮಾಂಕದಲ್ಲಿ ಜಾಗ ಎಲ್ಲಿತ್ತು? ರೈಲ್ವೇಸ್ ಸೇರಿದರು. 2001-02 ಮತ್ತು 2004-05ರಲ್ಲಿ ರಣಜಿ ಗೆದ್ದ ರೈಲ್ವೇಸ್ ಬ್ಯಾಟಿಂಗಿನ ಬೆನ್ನೆಲುಬು ಅವರೇ. ಆಮೇಲೆ ತವರಿಗೆ ಮರಳಿ ಕರ್ನಾಟಕದ ನಾಯಕರಾದರು, ಮುಂದೆ ಕೋಚ್ ಕೂಡ. ಐದನೇ ಕ್ರಮಾಂಕದವನ ಬಾಳು ಹೀಗೇ. 30ಕ್ಕೆ 3 ಆದಾಗ ಎಲ್ಲರಿಗೂ ಬೇಕು, 300ಕ್ಕೆ 3 ಆದಾಗ ಅವನು ಪ್ಯಾಡ್ ಕಟ್ಟಿ ಕೂತದ್ದನ್ನೂ ಯಾರೂ ನೋಡುವುದಿಲ್ಲ.

*

ಬೆಂಚಿನ ಮೇಲಿರುವ ನಮ್ಮೂರ ಹುಡುಗ ಜಗತ್ತಿನ ಅತ್ಯುತ್ತಮ ಆಟಗಾರ. ಆಡಿಸುವ ತನಕ ಈ ಮಾತನ್ನು ಯಾರೂ ಸುಳ್ಳು ಮಾಡಲಾರರು. ರಾಯಚೂರಿನ ಮನೋಜ್ ಭಾಂಡಗೆ 2023ರಿಂದ ಆರ್‌ಸಿಬಿ ಪಾಳೆಯದಲ್ಲಿದ್ದರು. ಮೈದಾನಕ್ಕಿಳಿದದ್ದು 2025ರ ಏಪ್ರಿಲ್ 18ಕ್ಕೆ, ಮಳೆಯಿಂದ 14 ಓವರ್‌ಗೆ ಇಳಿದ ಪಂದ್ಯದಲ್ಲಿ, ಪಂಜಾಬ್ ಬೌಲರ್‌ಗಳು ಸಾಲಾಗಿ ವಿಕೆಟ್ ಕೀಳುತ್ತಿದ್ದಾಗ, ಇಂಪ್ಯಾಕ್ಟ್ ಆಟಗಾರನಾಗಿ. ಒಂದು ರನ್ನಿಗೆ ಔಟ್. ಎರಡು ವರ್ಷ ಕಾಯಿಸಿ ಉರಿಯುವ ಮನೆಗೆ ನೀರು ತರಲು ಕಳಿಸಿ, ‘ನೋಡಿದಿರಾ, ಆಗಲಿಲ್ಲ’ ಎನ್ನುವುದು ಆಯ್ಕೆಯೂ ಅಲ್ಲ, ಪರೀಕ್ಷೆಯೂ ಅಲ್ಲ.

*

ಇಂಪ್ಯಾಕ್ಟ್ ಆಟಗಾರನ ನಿಯಮ ನಾಯಕನ ಅರ್ಧ ಬುದ್ಧಿಗೆ ರಜೆ ಕೊಟ್ಟಿತು. ಹನ್ನೊಂದರಲ್ಲೇ ಬೌಲರ್, ಬ್ಯಾಟ್ಸ್‌ಮನ್ ಹೊಂದಿಸುವ ಸಂಕಟದಲ್ಲೇ ತಂಡ ಕಟ್ಟುವ ಕಲೆ ಇತ್ತು.

*

ಕೆ.ಎಲ್. ರಾಹುಲ್ 2016ರಲ್ಲಿ ಆರ್‌ಸಿಬಿಗೆ 397 ರನ್ ಹೊಡೆದರು. ಗಾಯದಿಂದ 2017 ಆಡಲಿಲ್ಲ. 2018ರಲ್ಲಿ ಅವರನ್ನು ಉಳಿಸಿಕೊಳ್ಳಲಿಲ್ಲ, ಪಂಜಾಬ್ ಪರ 659 ಹೊಡೆದರು. 2025ರ ಏಪ್ರಿಲ್ 10ರಂದು ಡೆಲ್ಲಿ ಅಂಗಿಯಲ್ಲಿ ಚಿನ್ನಸ್ವಾಮಿಗೆ ಬಂದು ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಮೈದಾನ ಎಂದು ತೋರಿಸಿದರು. ಆ ಸಂಜೆ ಸೋತದ್ದಕ್ಕೆ ಅಳಬೇಕೋ ನಮ್ಮವನೇ ಹೊಡೆದದ್ದಕ್ಕೆ ನಗಬೇಕೋ ತಿಳಿಯದೆ ಟೀವಿ ಆರಿಸಿದ ಮನೆಗಳು ಈ ಜಿಲ್ಲೆಯಲ್ಲಿ ಕಡಿಮೆ ಇರಲಿಕ್ಕಿಲ್ಲ.

*

ಚಾಹಲ್ ವಿಷಯ ಉದ್ದ ಬೇಡ. ಆರ್‌ಸಿಬಿಗೆ 139 ವಿಕೆಟ್ ಕೊಟ್ಟ ಲೆಗ್ ಸ್ಪಿನ್ನರ್‌ನನ್ನು 2022ರ ಹರಾಜಿಗೆ ಮುನ್ನ ಬಿಟ್ಟರು. ಐಪಿಎಲ್‌ನಲ್ಲಿ 200 ವಿಕೆಟ್ ತೆಗೆದ ಮೊದಲಿಗನಾದಾಗ ಅವರು ಹಾಕಿಕೊಂಡಿದ್ದದ್ದು ರಾಜಸ್ಥಾನದ ಅಂಗಿ.

*

ಮುನ್ನೂರು ಹೊಡೆದವನನ್ನು ಮುಂದಿನ ಪಂದ್ಯಕ್ಕೆ ಕೂರಿಸಬಹುದೇ? ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಅಜೇಯ 303. ಮುಂದಿನ ಟೆಸ್ಟ್ ಹೈದರಾಬಾದಿನಲ್ಲಿ, ಗಾಯಗೊಂಡಿದ್ದ ರಹಾನೆ ಮರಳಿದರು, ಕರುಣ್ ಹೊರಗೆ. ಆಗ ಕೋಚ್ ನಮ್ಮ ಕುಂಬ್ಳೆಯವರೇ. ಗಾಯದಿಂದ ಹೊರಗುಳಿದವನು ಜಾಗ ಕಳೆದುಕೊಳ್ಳಬಾರದು ಎಂಬ ತತ್ವ ಸರಿಯೇ. ಆದರೆ ತತ್ವದ ಬೆಲೆಯನ್ನು ಪ್ರತಿಸಲ ಒಬ್ಬನೇ ತೆರುತ್ತಿದ್ದರೆ ಅದನ್ನು ತತ್ವ ಎನ್ನಲು ನಾಲಗೆ ಏಳುವುದಿಲ್ಲ. ಎಂಟು ವರ್ಷ ಕಳೆದು, 2025ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಮತ್ತೆ ಕರೆದರು.

*

ಕ್ರಮಾಂಕ ಬದಲಿಸುವುದೆಂದರೆ ಒಬ್ಬನ ಅಹಂಕಾರವನ್ನು ಒಪ್ಪಿಸುವುದು. 2001ರ ಈಡನ್‌ನಲ್ಲಿ ದ್ರಾವಿಡ್ ಮೂರನೇ ಜಾಗ ಲಕ್ಷ್ಮಣ್‌ಗೆ ಬಿಟ್ಟು ಆರಕ್ಕೆ ಇಳಿದರು. 281, 180, ಇಬ್ಬರ ಜೊತೆಯಾಟ 376. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ಏಳನೆಯವರಾಗಿ ಬಂದರು, 18 ರನ್ ಸೋಲು. ಮೊದಲನೆಯದನ್ನು ದೂರದೃಷ್ಟಿ ಎಂದೆವು, ಎರಡನೆಯದನ್ನು ಮೂರ್ಖತನ ಎಂದೆವು. ಎರಡರಲ್ಲೂ ಪಂದ್ಯಕ್ಕೆ ಮುನ್ನ ನಮ್ಮ ಅಭಿಪ್ರಾಯ ಯಾರೂ ಕೇಳಿರಲಿಲ್ಲ, ಪುಣ್ಯ.

*

1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಹತ್ತನೇ ವಿಕೆಟ್‌ಗೆ ಕಾಯುತ್ತಿದ್ದಾಗ ಶ್ರೀನಾಥ್ ಆಚೆ ತುದಿಯಿಂದ ಸ್ಟಂಪ್ ಬಿಟ್ಟು ದೂರ ಎಸೆದರು. ವಿಕೆಟ್ ತೆಗೆಯದಿರುವುದೂ ಬೌಲಿಂಗೇ.

*

ಮಹಿಳೆಯರಿಂದ ಕಲಿಯಲು ನಮ್ಮ ಗಂಡಸು ಅಭಿಮಾನಿಗಳಿಗೆ ತಡವಾಯಿತು. 2024ರ ಮಾರ್ಚ್ 17, ಡಬ್ಲ್ಯುಪಿಎಲ್ ಫೈನಲ್. ಡೆಲ್ಲಿ ಏಳು ಓವರ್‌ಗೆ ವಿಕೆಟ್ ಹೋಗದೆ 64. ಎಂಟನೇ ಓವರ್‌ಗೆ ಆರ್‌ಸಿಬಿ ನಾಯಕಿ ಸ್ಮೃತಿ ಮಂಧಾನ ಸೋಫಿ ಮೊಲಿನ್ಯೂ ಕೈಗೆ ಚೆಂಡು ಕೊಟ್ಟರು, ಒಂದೇ ಓವರ್‌ಗೆ ಮೂರು ವಿಕೆಟ್. ಆಮೇಲೆ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4, ಆಶಾ ಶೋಭನಾ 2. ಮೂವರೂ ಸ್ಪಿನ್ನರ್‌ಗಳು. ಡೆಲ್ಲಿ 113ಕ್ಕೆ ಆಲೌಟ್. ಗಂಡಸರ ತಂಡ ಹದಿನಾರು ವರ್ಷ ಹುಡುಕಿದ ಕಪ್ಪನ್ನು ಅವರು ಎರಡನೇ ವರ್ಷಕ್ಕೇ ತಂದರು.

*

ಬೌಲರ್‌ಗೆ ದುಡ್ಡು ಸುರಿದರೆ ಸಾಕು ಎಂದಲ್ಲ. 2017ರಲ್ಲಿ ಟೈಮಲ್ ಮಿಲ್ಸ್‌ಗೆ 12 ಕೋಟಿ, 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ ಕೊಟ್ಟೂ ಕೈ ಸುಟ್ಟುಕೊಂಡದ್ದು ಆರ್‌ಸಿಬಿಯ ಗಂಡಸರ ತಂಡವೇ. ಅವರು ಕೊಂಡದ್ದು ವೇಗ ಮತ್ತು ಎತ್ತರವನ್ನು. ಕೊಳ್ಳಬೇಕಿದ್ದದ್ದು ಹದಿನೇಳನೇ ಓವರ್ ಹಾಕಬಲ್ಲವನನ್ನು.

ಅದನ್ನು ಕೊಂಡದ್ದು 2024ರ ನವೆಂಬರ್ ಹರಾಜಿನಲ್ಲಿ. ಹೇಜಲ್‌ವುಡ್ 12.5 ಕೋಟಿ, ಭುವನೇಶ್ವರ್ 10.75, ಕೃಣಾಲ್ 5.75. ಆಗ ನಮ್ಮ ಕಡೆ ಕೇಳಿದ್ದು ‘ಮುದುಕರನ್ನ ತಂದಾರ’ ಎಂಬ ಮಾತು. ಮುಂದಿನ ಋತುವಿನಲ್ಲಿ ಈ ಮೂವರ ವಿಕೆಟ್ ಕ್ರಮವಾಗಿ 22, 17, 17. ತವರಿನಾಚೆಯ ಏಳೂ ಲೀಗ್ ಪಂದ್ಯಗಳಲ್ಲಿ ಗೆಲುವು. ಮೊದಲ ಕ್ವಾಲಿಫೈಯರ್‌ನಲ್ಲಿ ಪಂಜಾಬ್ 101ಕ್ಕೆ ಆಲೌಟ್.

*

ಕಪ್ಪು ಗೆದ್ದ 2025ರ ಜೂನ್ 3ನ್ನು ನೆನೆಯುವವರು ಜೂನ್ 4ನ್ನು ಬಿಡಬಾರದು. ವಿಜಯೋತ್ಸವದ ಕಾಲ್ತುಳಿತದಲ್ಲಿ ಚಿನ್ನಸ್ವಾಮಿ ಹೊರಗೆ ಸತ್ತ 11 ಮಂದಿ ನಮ್ಮ ಹಾಗೇ ಬೈಯುತ್ತಾ ಕಾದವರು.

*

ಇನ್ನು ಆ ಜೂನ್ 3, ಅಹಮದಾಬಾದ್, ಪಂಜಾಬ್ ವಿರುದ್ಧ ಫೈನಲ್. ನಾವು ಹೊಡೆದದ್ದು 190. ಆ ಪಿಚ್ಚಿಗೆ ಕಡಿಮೆ ಎಂದು ಮಧ್ಯಂತರದಲ್ಲೇ ಅರ್ಧ ಜನ ಎದ್ದಿದ್ದರು. ಹದಿನೇಳನೇ ಓವರ್ ರಜತ್ ಪಾಟಿದಾರ್ ಭುವನೇಶ್ವರ್‌ಗೆ ಕೊಟ್ಟರು, ವಧೇರಾ ಹೋದರು, ಬೆನ್ನಿಗೆ ಸ್ಟೊಯಿನಿಸ್ ಹೋದರು. ಕೊನೆಯ ಓವರ್‌ಗೆ ಬಾಕಿ 29. ಶಶಾಂಕ್ ಸಿಂಗ್ 22 ಹೊಡೆದರೂ ಹೇಜಲ್‌ವುಡ್ ನಗುತ್ತಲೇ ಓಡಿ ಬರುವಷ್ಟು ಉಳಿತಾಯ ಕೈಯಲ್ಲಿತ್ತು. ಆ ಉಳಿತಾಯ ಮಾಡಿಟ್ಟವರು ನಾಲ್ಕು ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದ ಕೃಣಾಲ್ ಪಾಂಡ್ಯ. ಗೆಲುವಿನ ಅಂತರ 6 ರನ್, 2009ರಲ್ಲಿ ಸೋತಷ್ಟೇ.

ಪಂದ್ಯಶ್ರೇಷ್ಠ ಪ್ರಶಸ್ತಿ ಕೃಣಾಲ್‌ಗೆ ಹೋಯಿತು. ಮುಂದಿನ ಹರಾಜಿಗೆ ಕೂರುವವರು ದಯವಿಟ್ಟು ಆ 17ನ್ನು ಬರೆದಿಟ್ಟುಕೊಂಡು ಕೂರಲಿ. ಕೋಟಿ ಬಾಳುವ ಬ್ಯಾಟ್ಸ್‌ಮನ್ ಹೆಸರು ಬಂದಾಗ ಕೈ ಎತ್ತುವ ಮುನ್ನ ಒಮ್ಮೆ ಅದನ್ನು ನೋಡಲಿ.