ಮುತ್ತಜ್ಜ ಬಿಟ್ಟದ್ದು, ನಾನು ಬಿಟ್ಟದ್ದು

ಒಂದು ಸಭೆಯನ್ನು ಬಿಟ್ಟು ಇನ್ನೊಂದನ್ನು ಸೇರಿದವನನ್ನು ಏನೆಂದು ಕರೆಯಬೇಕು? ಮತಾಂತರಗೊಂಡವನು ಎನ್ನುವಂತಿಲ್ಲ. ನಾನು ಹುಟ್ಟಿದ್ದು ಕ್ರೈಸ್ತನಾಗಿ, ಇರುವುದೂ ಕ್ರೈಸ್ತನಾಗಿಯೇ. ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್ ಸಭೆಯಿಂದ ಕೆಥೊಲಿಕ್ ಸಭೆಗೆ ಬಂದಾಗ ಅಲ್ಲಿಯ ಗುರುಗಳು ನನಗೆ ಮತ್ತೊಮ್ಮೆ ದೀಕ್ಷಾಸ್ನಾನ ಕೊಡಲಿಲ್ಲ. ಒಮ್ಮೆ ಸರಿಯಾಗಿ ಆದದ್ದನ್ನು ಮತ್ತೆ ಮಾಡಕೂಡದು ಎಂಬುದೇ ಅವರ ನಿಯಮ. ಕೈಗೂಸಾಗಿದ್ದಾಗ ನಮ್ಮ ಹಳೆಯ ಸಭೆಯ ಅಯ್ಯನವರು ತಲೆಗೆ ಹಾಕಿದ ನೀರೇ ಸಾಕು ಎಂದರು. ವಿಶ್ವಾಸಪ್ರಮಾಣ ಹೇಳಿಸಿದರು, ದೃಢೀಕರಣ ಮಾಡಿದರು, ಪರಮಪ್ರಸಾದ ಕೊಟ್ಟರು. ಅಷ್ಟೇ. ಇಗರ್ಜಿಯಲ್ಲಿ ಅಷ್ಟು ಸುಲಭವಾಗಿ ಮುಗಿದದ್ದು ಮನೆಯಲ್ಲಿ ಮುಗಿಯಲು ವರ್ಷಗಳು ಹಿಡಿದವು.

ನಮ್ಮದು ಬಿಟ್ಟು ಬಂದವರ ಮನೆತನ. ಬಾಸೆಲಿನ ಮಿಶನರಿಗಳು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಅವರ ಮಾತು ಕೇಳಿ ಸಭೆ ಸೇರಿದವರಲ್ಲಿ ಅನೇಕರಿಗೆ ಮನೆಯ ಬಾಗಿಲು ಮುಚ್ಚಿತು, ಗೇಣಿಯ ಗದ್ದೆ ಹೋಯಿತು, ಕುಲದ ಕಸುಬೂ ಕೈಬಿಟ್ಟಿತು. ಹಾಗೆ ಬೀದಿಗೆ ಬಿದ್ದವರ ಹೊಟ್ಟೆಪಾಡಿಗೆಂದೇ ಮಿಶನ್ನಿನವರು ಮಗ್ಗ ಹಾಕಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ನನ್ನ ಮುತ್ತಜ್ಜ ಅಂಥದೊಂದು ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಭೂತದ ಕೋಲಕ್ಕೆ ಬರುವುದಿಲ್ಲ ಎಂದು ಅವರು ಧಣಿಗಳ ಎದುರು ನಿಂತು ಹೇಳಿದ ಕಥೆಯನ್ನು ನಮ್ಮ ಮನೆಯಲ್ಲಿ ಪುರಾಣದ ಹಾಗೆ ಹೇಳುತ್ತಿದ್ದರು. ಹಿರಿಯರ ದಾರಿ ಬಿಟ್ಟದ್ದೇ ಅವರ ದೊಡ್ಡಸ್ತಿಕೆ. ಅದೇ ಮನೆಯಲ್ಲಿ, ಅದೇ ಕಥೆ ಹೇಳಿದವರು, ನಾನು ಹಿರಿಯರ ದಾರಿ ಬಿಟ್ಟಾಗ ದ್ರೋಹ ಎಂದರು.

ದೊಡ್ಡಪ್ಪನಿಗೆ ಮಾತು ಬರುತ್ತಿತ್ತು. "ಅವರು ಕತ್ತಲೆಯಿಂದ ಬೆಳಕಿಗೆ ಬಂದರು. ನೀನು ಬೆಳಕಿನಿಂದ ಮೇಣದಬತ್ತಿಗೆ ಹೋದೆ," ಎಂದರು. ನಕ್ಕುಬಿಟ್ಟೆ. ಆದರೆ ಅವರ ಎರಡನೆಯ ಮಾತಿಗೆ ನಗು ಬರಲಿಲ್ಲ. "ಅಜ್ಜ ಗದ್ದೆ ಕಳಕೊಂಡರು. ನೀನೇನು ಕಳಕೊಂಡೆ ಮಾರಾಯ?"

ಬೆಲೆ ತೆತ್ತವನ ನಂಬಿಕೆ ನಿಜ, ತೆರದವನದು ಶೋಕಿ ಎನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಸುಳ್ಳಿಗಾಗಿಯೂ ಜನ ಗದ್ದೆ, ಪ್ರಾಣ ಎರಡನ್ನೂ ಕಳೆದುಕೊಂಡಿದ್ದಾರೆ. ಆದರೂ ಪ್ರಶ್ನೆಯನ್ನು ತಳ್ಳಿಹಾಕಲಾಗಲಿಲ್ಲ. ಏನೂ ತೆರದೆ ಬದಲಾಯಿಸುವವನು ತನ್ನ ಮನಸ್ಸಾಕ್ಷಿಯನ್ನು ಅನುಸರಿಸುತ್ತಿದ್ದಾನೋ, ನಾಲಿಗೆಯ ರುಚಿಯನ್ನೋ ಎಂದು ಅವನಿಗೇ ಹೇಗೆ ತಿಳಿಯಬೇಕು?

ನ್ಯೂಮನ್ ಅಂಥವರು 1845ರಲ್ಲಿ ಆಂಗ್ಲಿಕನ್ ಸಭೆ ಬಿಟ್ಟದ್ದು ಆದಿಸಭೆಯ ಇತಿಹಾಸವನ್ನು ವರ್ಷಗಟ್ಟಲೆ ಓದಿ. ನಾನು ಓದಿ ಹೋದವನಲ್ಲ. ನಮ್ಮ ಸಭೆಯಲ್ಲಿ ಆರಾಧನೆಯ ನಡುಗಂಬವೆಂದರೆ ಪ್ರಸಂಗ. ಕರ್ತನ ರಾತ್ರಿಭೋಜನ ಆಗೊಮ್ಮೆ ಈಗೊಮ್ಮೆ. ಪ್ರಸಂಗ ಚೆನ್ನಾಗಿದ್ದ ಭಾನುವಾರ ತುಂಬಿಕೊಂಡು ಬರುತ್ತಿದ್ದೆ, ಇಲ್ಲದ ಭಾನುವಾರ ಬರಿಗೈ. ಒಬ್ಬ ಮನುಷ್ಯನ ಮಾತಿನ ಶಕ್ತಿಯ ಮೇಲೆ ನನ್ನ ವಾರ ನಿಲ್ಲುತ್ತಿತ್ತು. ಗೆಳೆಯನ ಮದುವೆಯ ಬಲಿಪೂಜೆಯಲ್ಲಿ ಗುರುಗಳ ಪ್ರಸಂಗ ತೀರಾ ಸಪ್ಪೆಯಾಗಿತ್ತು. ಯಾರಿಗೂ ಅದರ ಚಿಂತೆ ಇದ್ದಂತೆ ಕಾಣಲಿಲ್ಲ, ಸಾಲಾಗಿ ಹೋಗಿ ಕೈಚಾಚಿದರು. ಆ ಸಾಲು ಬಹಳ ಕಾಲ ನನ್ನ ತಲೆಯಲ್ಲಿ ಉಳಿಯಿತು.

ಸಿದ್ಧಾಂತದ ಜಗಳವೋ, ಅದು ತಣ್ಣಗಾಗುತ್ತ ಬಂದಿದೆ. ಲೂಥರನ ಕಾಲದಿಂದ ಸಭೆಯನ್ನು ಸೀಳಿದ ಪ್ರಶ್ನೆ, ಮನುಷ್ಯನು ನೀತಿವಂತನೆನಿಸುವುದು ಕೃಪೆಯಿಂದಲೋ ಕ್ರಿಯೆಗಳಿಂದಲೋ ಎಂಬುದು. ಅದರ ಬಗ್ಗೆ ಕೆಥೊಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದಕ್ಕೆ ದನಿಗೂಡಿಸಿದವು. ಇದನ್ನು ಕೇಳಿದ ನನ್ನ ತಂಗಿ, "ಹಾಗಾದರೆ ಹೋಗುವ ಅಗತ್ಯವೇನಿತ್ತು?" ಎಂದಳು. ಸರಿಯಾದ ಪ್ರಶ್ನೆಯೇ. ವ್ಯತ್ಯಾಸ ಸಣ್ಣದಾದರೆ ಮನೆಯವರನ್ನು ನೋಯಿಸಿದ್ದು ಅನ್ಯಾಯ. ದೊಡ್ಡದಾದರೆ "ಎರಡೂ ಒಂದೇ" ಎಂದು ಅವರನ್ನು ಸಮಾಧಾನಪಡಿಸಿದ್ದು ಸುಳ್ಳು. ನಾನು ಹೇಳಬಲ್ಲದ್ದು ಇಷ್ಟೇ: ಕೃಪೆಯ ವಿಷಯದಲ್ಲಿ ಅವಳಿಗೂ ನನಗೂ ಜಗಳವಿಲ್ಲ, ಊಟದ ಮೇಜಿನ ವಿಷಯದಲ್ಲಿ ಇದೆ.

ಬಿಟ್ಟದ್ದರಲ್ಲಿ ಒಳ್ಳೆಯದೂ ಇತ್ತು. ನಾಲ್ಕು ಸ್ವರಗಳಲ್ಲಿ ಇಡೀ ಸಭೆ ಹಾಡುವುದು. ಕೂಲಿ ಕೆಲಸದ ಅಜ್ಜಿಯೂ ತಪ್ಪದೆ ಹಿಡಿಯುತ್ತಿದ್ದ ಆಲ್ಟೊ. ಸಂಜೆ ಚಿಮಿಣಿಯ ಬೆಳಕಿನಲ್ಲಿ ಸತ್ಯವೇದ ಓದುವುದು. ಸಭೆಯ ಲೆಕ್ಕಪತ್ರವನ್ನು ಎದ್ದು ನಿಂತು ಪ್ರಶ್ನಿಸುವುದು. ಈ ಕೊನೆಯದರಲ್ಲಿ ಈಗಲೂ ನಾನು ಪ್ರೊಟೆಸ್ಟೆಂಟನೇ. ಮಂಗಳೂರಿನಲ್ಲಿ ಕೆಥೊಲಿಕನಾಗುವ ತುಳುವನಿಗೆ ಇನ್ನೊಂದು ಕಷ್ಟ: ಅಕ್ಕಪಕ್ಕದ ಬೆಂಚಿನವರೆಲ್ಲ ಕೊಂಕಣಿಯವರು. ಕನ್ನಡದ ಪೂಜೆ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಬೇಕು.

ಅಮ್ಮ ಜಗಳವಾಡಲಿಲ್ಲ. "ಪೊರ್ಬು ಆದರೂ ಪ್ರಾರ್ಥನೆ ಬಿಡಬೇಡ," ಎಂದರು. ಕೊನೆಯ ಕಾಯಿಲೆಯಲ್ಲಿ ಅಯ್ಯನವರು ಮನೆಗೇ ರಾತ್ರಿಭೋಜನ ತಂದರು. ಮಂಚದ ಸುತ್ತ ನಿಂತವರೆಲ್ಲ ತೆಗೆದುಕೊಂಡರು. ನಾನು ಈಗಿರುವ ಸಭೆಯ ನಿಯಮದಂತೆ ನಾನು ತೆಗೆದುಕೊಳ್ಳುವ ಹಾಗಿರಲಿಲ್ಲ. ತೆಗೆದುಕೊಳ್ಳಲಿಲ್ಲ. ಆ ನಿಯಮ ಕ್ರೂರವೆಂದು ಹೇಳಲಾರೆ: ಇನ್ನೂ ಒಂದಾಗದ ಸಭೆಗಳು ಒಂದಾದಂತೆ ನಟಿಸಬಾರದು ಎಂಬುದು ಅದರ ಅರ್ಥ. ಆದರೆ ಆ ಕೋಣೆಯಲ್ಲಿ ಒಂದಾಗದೆ ಇದ್ದದ್ದು ಸಭೆಗಳಲ್ಲ, ತಾಯಿ ಮತ್ತು ಮಗ. ಅಮ್ಮ ಕಣ್ಣಿನಲ್ಲೇ ಕರೆದು ಗೀತೆ ಪುಸ್ತಕ ಹಿಡಿದುಕೊಳ್ಳಲು ಹೇಳಿದರು. ಎಲ್ಲರೂ ತಿನ್ನುವಾಗ ನಾನು ಪುಸ್ತಕ ಹಿಡಿದು ನಿಂತಿದ್ದೆ. ದೊಡ್ಡಪ್ಪ ಬಾಗಿಲ ಹತ್ತಿರ ಇದ್ದರು. ಆಮೇಲೆ ಗದ್ದೆಯ ಮಾತು ಅವರು ಎತ್ತಲಿಲ್ಲ.

ಈಗ ನನ್ನನ್ನು ಕಾಡುವುದು ಬೇರೆ. ನವೆಂಬರ್ 2ರಂದು ಕೆಥೊಲಿಕರು ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ, ಸಮಾಧಿಗಳ ಮೇಲೆ ಬತ್ತಿ ಹಚ್ಚುತ್ತಾರೆ. ಅಮ್ಮ ಅದನ್ನು ನಂಬಿದವರಲ್ಲ. ಸತ್ತವರು ದೇವರ ಕೈಯಲ್ಲಿದ್ದಾರೆ, ನಮ್ಮ ಶಿಫಾರಸು ಅವರಿಗೆ ಬೇಡ ಎನ್ನುತ್ತಿದ್ದರು. ಹಾಗೆ ನಂಬಿ ಸತ್ತವರಿಗಾಗಿ ಪ್ರಾರ್ಥಿಸುವುದು ಪ್ರೀತಿಯೋ, ಅವರ ನಂಬಿಕೆಯ ಮೇಲೆ ನಡೆಸುವ ಜಬರದಸ್ತಿಯೋ? ಪ್ರಾರ್ಥಿಸದಿದ್ದರೆ ನನ್ನ ನಂಬಿಕೆ ಅಮ್ಮನ ತನಕ ಬಂದು ನಿಂತಂತಾಗುತ್ತದೆ. ಸದ್ಯಕ್ಕೆ ಹೀಗೆ ಮಾಡುತ್ತೇನೆ: ಪೂಜೆಯಲ್ಲಿ ಅಮ್ಮನ ಹೆಸರು ಹೇಳುತ್ತೇನೆ. ಸಂಜೆ ಅವರ ಸಮಾಧಿಯ ಬಳಿ ಹೋಗುತ್ತೇನೆ, ಬತ್ತಿ ಒಯ್ಯುವುದಿಲ್ಲ. ಮಳೆಗಾಲದಲ್ಲಿ ಬೆಳೆದ ಹುಲ್ಲು ಕೀಳುತ್ತೇನೆ. ತಂಗಿಯೂ ಕೆಲವು ವರ್ಷ ಜೊತೆಗೆ ಬರುತ್ತಾಳೆ, ಆ ದಿನವೇ ಯಾಕೆ ಎಂದು ಕೇಳುವುದಿಲ್ಲ.