ಕಂಠಸ್ಥವೂ ಕರಗತವೂ

ಬಾಯಿಪಾಠಕ್ಕೆ ಈಚೆಗೆ ಕೆಟ್ಟ ಹೆಸರು ಬಂದಿದೆ. ಶಿಕ್ಷಕರ ತರಬೇತಿ ಶಿಬಿರಗಳಿಗೆ ಹೋದರೆ ಮೊದಲ ಭಾಷಣಕಾರರು ಅದನ್ನು ಬಯ್ಯದೆ ಮಾತು ಆರಂಭಿಸುವುದೇ ಇಲ್ಲ. ಉರು ಹೊಡೆಯುವುದೆಂದರೆ ಏನೋ ಕಳ್ಳತನವೆಂಬಂತೆ ಮುಖ ಸಿಂಡರಿಸುತ್ತಾರೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಸೆಗೆ ಕರೆಯುವ ಹಾಡಿನಿಂದ ಹಿಡಿದು ಬಾಣಂತಿಗೆ ಯಾವ ಕಷಾಯ ಎಷ್ಟು ದಿನ ಎನ್ನುವವರೆಗೆ ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಅದು ಬಾಯಿಪಾಠವಲ್ಲದೆ ಮತ್ತೇನು? ಏಳೆಂಟ್ಲ ಐವತ್ತಾರು ಎಂದು ನಾವೆಲ್ಲ ಹಾಡಿ ಹಾಡಿ ಕಲಿತದ್ದರಿಂದಲೇ ಇವತ್ತು ತರಕಾರಿಯವನ ಮುಂದೆ ನಿಂತು ಚಿಲ್ಲರೆ ಸರಿಯಾಗಿ ವಾಪಸು ಪಡೆಯುತ್ತೇವೆ.

ಹಾಗಾದರೆ ಬಾಯಿಪಾಠದಲ್ಲಿ ತಪ್ಪೇ ಇಲ್ಲವೆ? ಇದೆ. ಅದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಯೋಚಿಸುವಂತೆ ಮಾಡಿದವಳು ನನ್ನ ತಂಗಿಯ ಮಗಳು. ಪಿಯುಸಿ ಓದಲೆಂದು ಹಳ್ಳಿಯಿಂದ ಬಂದು ಎರಡು ವರ್ಷ ನಮ್ಮ ಮನೆಯಲ್ಲಿದ್ದಳು. ಅವಳು ಆರಿಸಿಕೊಂಡ ವಿಷಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಒಂದು. ನಾನು ಬಿ.ಎ., ಬಿ.ಎಡ್. ಮಾಡಿದವಳು, ಕಂಪ್ಯೂಟರೆಂದರೆ ಶಾಲೆಯ ಆಫೀಸಿನಲ್ಲಿ ಹಾಜರಾತಿ ತುಂಬುವಷ್ಟೇ ಪರಿಚಯ. ಆದರೂ ಪರೀಕ್ಷೆಯ ಕಾಲದಲ್ಲಿ ಮಗುವಿನ ಪಕ್ಕದಲ್ಲಿ ಕೂರಲು ವಿಷಯ ಗೊತ್ತಿರಲೇಬೇಕೆಂದೇನೂ ಇಲ್ಲವಲ್ಲ. ಒಂದು ಲೋಟ ಹಾಲು, ಎದುರಿಗೊಂದು ಮುಖ, ಇಷ್ಟಿದ್ದರೂ ಮಕ್ಕಳಿಗೆ ಧೈರ್ಯ ಬರುತ್ತದೆ.

ನಮ್ಮ ರಾಜ್ಯದ ದ್ವಿತೀಯ ಪಿಯುಸಿಯಲ್ಲಿ ಈ ವಿಷಯಕ್ಕೆ ಲಿಖಿತ ಪರೀಕ್ಷೆ 70 ಅಂಕ, ಪ್ರಾಯೋಗಿಕ 30. ಹಿಂದೆ ಸಿ ಪ್ಲಸ್ ಪ್ಲಸ್ ಎಂಬ ಭಾಷೆ ಇತ್ತು, ಈಗ ಪೈಥಾನ್. ಹೆಸರು ಕೇಳಿ ಹೆಬ್ಬಾವೆಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಗಿಡೊ ವಾನ್ ರಾಸಮ್ ಎಂಬಾತ 1991ರಲ್ಲಿ ಇದನ್ನು ಹೊರತಂದಾಗ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯ ಕಾರ್ಯಕ್ರಮದ ಹೆಸರನ್ನೇ ಇಟ್ಟನಂತೆ. ನಗೆಯಿಂದ ಹುಟ್ಟಿದ ಈ ಹೆಸರು ನಮ್ಮ ಹುಡುಗಿಯನ್ನು ಮಾತ್ರ ಅಳಿಸುತ್ತಿತ್ತು. ಲಿಖಿತ ಪರೀಕ್ಷೆಯಲ್ಲಿ ಪ್ರೋಗ್ರಾಮನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬರೆಯಬೇಕು. ತಪ್ಪಿದರೆ ಎಚ್ಚರಿಸಲು ಅಲ್ಲಿ ಯಂತ್ರವಿರುವುದಿಲ್ಲ. ಸಾಲನ್ನು ಒಳಗೆ ಸರಿಸಿ ಬರೆದರೆ ಒಂದರ್ಥ, ಅಂಚಿಗೆ ಬರೆದರೆ ಇನ್ನೊಂದರ್ಥ. ಟ್ಯೂಷನ್ನಿನವರು ಹದಿನೈದು ಪ್ರೋಗ್ರಾಂಗಳ ಜೆರಾಕ್ಸ್ ಕೊಟ್ಟು, "ಇಷ್ಟನ್ನು ಕಣ್ಣು ಮುಚ್ಚಿ ಉರು ಹೊಡೀರಿ, ಪಾಸು ಗ್ಯಾರಂಟಿ" ಎಂದಿದ್ದರು. ಇವಳು ಸ್ತೋತ್ರ ಹೇಳಿದಂತೆ ಹೇಳುತ್ತಾ ಅಂಗಳದಲ್ಲಿ ಓಡಾಡುತ್ತಿದ್ದಳು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದು ಪ್ರೋಗ್ರಾಂ ಎಡವಿತು. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಬಬಲ್ ಸಾರ್ಟ್ ಅದು. ಒಂದು ಕಡೆ ಒಂದನ್ನು ಕಳೆಯಬೇಕಂತೆ, ಇವಳು ಅದನ್ನು ಬಿಟ್ಟಿದ್ದಳು. "ಯಾಕೆ ಕಳೀಬೇಕೇ?" ಎಂದೆ. "ಅದು ಹಾಗೇ ದೊಡ್ಡಮ್ಮ, ನೋಟ್ಸಲ್ಲಿ ಹಾಗೇ ಇದೆ" ಎಂದಳು. ಈ 'ಹಾಗೇ ಇದೆ' ಎಂಬ ಮಾತು ನನಗೆ ಹೊಸದಲ್ಲ. ಸಂಧಿ ಬಿಡಿಸುವಾಗಲೂ ಮಕ್ಕಳು ಇದನ್ನೇ ಹೇಳುತ್ತಾರೆ. ಆ ಪ್ರೋಗ್ರಾಂ ಮಾಡುವುದೇನೆಂದು ಕನ್ನಡದಲ್ಲಿ ಹೇಳೆಂದೆ. ಪಕ್ಕಪಕ್ಕದ ಎರಡನ್ನು ಹೋಲಿಸುವುದು, ಮುಂದಿನದು ದೊಡ್ಡದಾಗಿದ್ದರೆ ಸುಮ್ಮನಿರುವುದು, ಹಿಂದಿನದು ದೊಡ್ಡದಾಗಿದ್ದರೆ ಜಾಗ ಬದಲಿಸುವುದು, ಹೀಗೆ ಸಾಲಿನ ಕೊನೆಯವರೆಗೆ ಹೋಗಿ ಮತ್ತೆ ಮೊದಲಿನಿಂದ ಬರುವುದು.

ಅಯ್ಯೋ, ಇದು ದಿನಾ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಾನು ಮಾಡುವ ಕೆಲಸವೇ ಅಲ್ಲವೆ? ಎತ್ತರದ ಪ್ರಕಾರ ಹುಡುಗಿಯರನ್ನು ನಿಲ್ಲಿಸುವುದು. ಕಾಗದ ತೆಗೆದು ಐದು ಹುಡುಗಿಯರ ಎತ್ತರ ಬರೆದೆವು: 152, 139, 148, 135, 144. ಮೊದಲ ಸುತ್ತು ಮುಗಿಯುವಾಗ 152ರವಳು ಒಬ್ಬೊಬ್ಬರನ್ನೇ ದಾಟಿ ಕೊನೆಗೆ ಹೋಗಿ ನಿಂತಳು: 139, 148, 135, 144, 152. ಎರಡನೆಯ ಸುತ್ತಿಗೆ 139, 135, 144, 148, 152. ಮೂರನೆಯ ಸುತ್ತಿಗೆ ಸಾಲು ಸರಿಯಾಯಿತು. "ಈಗ ಹೇಳು, ಸಾಲಿನ ಕೊನೆಯವಳನ್ನು ಯಾರ ಜೊತೆ ಹೋಲಿಸ್ತೀಯ?" ಎಂದೆ. ಒಂದು ಕ್ಷಣ ನೋಡಿದಳು. "ಯಾರೂ ಇಲ್ಲ! ಕೊನೆಯವಳಿಗೆ ಮುಂದಿನವಳೇ ಇಲ್ಲ. ಅದಕ್ಕೇ ಒಂದು ಕಳೆಯೋದು!" ಎಂದು ಕೂಗಿದಳು. ಆ 'ಒಂದು' ಮತ್ತೆಂದೂ ಅವಳಿಗೆ ಮರೆಯಲಿಲ್ಲ. ಗಮನಿಸಿ, ಅವಳು ಮೊದಲು ಉರು ಹೊಡೆದ ಸಾಲೂ ಇದೇ, ಈಗ ಬರೆಯುವ ಸಾಲೂ ಇದೇ. ಅಕ್ಷರ ಒಂದೂ ಬದಲಾಗಲಿಲ್ಲ. ಬದಲಾದದ್ದು ಆ ಸಾಲಿಗೂ ಅವಳಿಗೂ ಇದ್ದ ಸಂಬಂಧ.

ಇನ್ನೊಂದು ಪ್ರೋಗ್ರಾಂ ನನಗೆ ತುಂಬ ಇಷ್ಟವಾಯಿತು. ಒಂದು ಪದವನ್ನು ಹಿಂದುಮುಂದಾಗಿ ಓದಿದರೂ ಒಂದೇ ಆಗಿರುತ್ತದೆಯೇ ಎಂದು ಪರೀಕ್ಷಿಸುವುದು. ಇಂಗ್ಲಿಷ್ ಅಕ್ಷರಗಳಲ್ಲಿ ಮಲಯಾಳಂ ಎಂದು ಕೊಟ್ಟರೆ 'ಹೌದು' ಎನ್ನುತ್ತದೆ. "ನಮ್ಮ ವಿಕಟಕವಿಯನ್ನು ಕೊಡೇ" ಎಂದೆ. ತೆನಾಲಿ ರಾಮಕೃಷ್ಣನ ಕಥೆ ಕೇಳಿದವರಿಗೆಲ್ಲ ಆ ಪದದ ಚಮತ್ಕಾರ ಗೊತ್ತು. ಫೋನಿನಲ್ಲೇ ಪೈಥಾನ್ ನಡೆಸಬಹುದಾದ್ದರಿಂದ ಕನ್ನಡ ಕೀಲಿಮಣೆ ತೆಗೆದು ಬರೆದಳು. ಯಂತ್ರ 'ಅಲ್ಲ' ಎಂದಿತು! ಮತ್ತೆ ಬರೆದಳು, ಮತ್ತೆ 'ಅಲ್ಲ'. ಅವಳ ಮುಖ ಬಾಡಿತು. ಉರು ಹೊಡೆದ ಪ್ರೋಗ್ರಾಂ ಸರಿಯಾಗಿತ್ತು, ಪದವೂ ಸರಿಯಾಗಿತ್ತು. ಎಷ್ಟು ಅಕ್ಷರವಿದೆಯೆಂದು ಯಂತ್ರವನ್ನೇ ಕೇಳು ಎಂದೆ. ನಮಗೆ ಐದು, ಯಂತ್ರಕ್ಕೆ ಏಳು. ಆಗ ಕನ್ನಡದ ಮೇಷ್ಟ್ರಮ್ಮನ ವಿದ್ಯೆ ಉಪಯೋಗಕ್ಕೆ ಬಂತು. ನಾವು 'ವಿ' ಎಂದು ಒಂದೇ ಅಕ್ಷರ ಎಣಿಸುವ ಕಡೆ ಯಂತ್ರ 'ವ' ಒಂದು, ಗುಡಿಸು ಒಂದು ಎಂದು ಬೇರೆಬೇರೆ ಇಟ್ಟುಕೊಂಡಿತ್ತು. ಹಿಂದಿನಿಂದ ಓದಿದಾಗ ಒಂದು ಗುಡಿಸು ಎಲ್ಲರಿಗಿಂತ ಮೊದಲು ಬಂದು ಒಂಟಿಯಾಗಿ ನಿಲ್ಲುತ್ತದೆ, ಇನ್ನೊಂದು 'ವ'ವನ್ನು ಬಿಟ್ಟು 'ಕ'ಕ್ಕೆ ಅಂಟಿಕೊಂಡು 'ಕಿ' ಆಗುತ್ತದೆ. ಎರಡು ಪದ ಒಂದೇ ಆಗುವುದಾದರೂ ಹೇಗೆ?

ಆ ರಾತ್ರಿ ನಾವಿಬ್ಬರೂ ತುಂಬ ನಕ್ಕೆವು. ಆದರೆ ನನಗೆ ಅದರಲ್ಲೊಂದು ಗಂಭೀರ ಮಾತೂ ಕಂಡಿತು. ಕಂಠಸ್ಥವಾದದ್ದು ಬಹಳಷ್ಟು ಸಲ ಸರಿಯಾಗಿಯೇ ಇರುತ್ತದೆ. ಅದು ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ನಡೆಯುವುದಿಲ್ಲ ಎಂಬುದು ಮಾತ್ರ ಕಾರಣ ಗೊತ್ತಿದ್ದವರಿಗೇ ತಿಳಿಯುವುದು.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಮನೆಯಲ್ಲಿ ಕಂಪ್ಯೂಟರ್ ಇರುವ ಮಕ್ಕಳು ತಪ್ಪು ಮಾಡಿ ಮಾಡಿ ಕಲಿಯುತ್ತಾರೆ. ವಾರಕ್ಕೊಂದೆರಡು ಸಲ ಲ್ಯಾಬಿನಲ್ಲಿ ಮೂವರು ಒಂದೇ ಯಂತ್ರದ ಮುಂದೆ ಕೂರುವ ಮಕ್ಕಳು ಉರು ಹೊಡೆಯದೆ ಏನು ಮಾಡಬೇಕು? ನ್ಯಾಯವಾದ ಪ್ರಶ್ನೆಯೇ. ಬಾಯಿಪಾಠವನ್ನು ಬಯ್ಯುವವರು ಮೊದಲು ಆ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಬೇಕು. ಆದರೆ ಯಂತ್ರವಿಲ್ಲದಿರುವುದೂ ಅರ್ಥವಾಗದಿರುವುದೂ ಒಂದೇ ಅಲ್ಲ. ಅದಕ್ಕೆ ಆರು ಜನ ಹೆಂಗಸರೇ ಸಾಕ್ಷಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಬೃಹತ್ ಗಣಕವನ್ನು ಸೈನ್ಯಕ್ಕಾಗಿ ಕಟ್ಟುತ್ತಿದ್ದರು. ಸುಮಾರು 18,000 ವ್ಯಾಕ್ಯೂಮ್ ಟ್ಯೂಬುಗಳಿದ್ದ ಯಂತ್ರ ಅದು. ಫಿರಂಗಿ ಗುಂಡಿನ ದಾರಿಯ ಲೆಕ್ಕವನ್ನು ಕೈಯಲ್ಲಿ ಮಾಡುತ್ತಿದ್ದ ಹೆಂಗಸರ ಗುಂಪಿನಿಂದ 1945ರಲ್ಲಿ ಆರು ಜನರನ್ನು ಇದರ ಕೆಲಸಕ್ಕೆ ಆರಿಸಿದರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಚ್ಟರ್‌ಮನ್. ಆರಂಭದಲ್ಲಿ ಅವರಿಗೆ ಯಂತ್ರವಿದ್ದ ಕೋಣೆಗೆ ಪ್ರವೇಶವಿರಲಿಲ್ಲ. ಕೈಗೆ ಸಿಕ್ಕಿದ್ದು ಯಂತ್ರದ ನಕ್ಷೆಗಳು ಮಾತ್ರ. ಪಠ್ಯಪುಸ್ತಕವಿಲ್ಲ, ನೋಟ್ಸಿಲ್ಲ, ಉರು ಹೊಡೆಯೋಣವೆಂದರೂ ಅವರಿಗಿಂತ ಮೊದಲು ಯಾರಾದರೂ ಬರೆದಿದ್ದರಲ್ಲವೆ? ಕಾಗದದ ಮೇಲೆಯೇ ಪ್ರತಿಯೊಂದು ಹೆಜ್ಜೆಯನ್ನೂ ಅನುಸರಿಸಿ, ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡು ಕಲಿತರು. 1946ರ ಫೆಬ್ರವರಿಯಲ್ಲಿ ಜನರೆದುರು ಯಂತ್ರದ ಪ್ರದರ್ಶನ ನಡೆದಾಗ ಅದು ಮಾಡಿದ ಲೆಕ್ಕ ಈ ಹೆಂಗಸರು ಹೆಣೆದದ್ದು. ಆ ದಿನ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಮನ್ನಣೆ ಸಿಗಲು ಹಲವು ದಶಕಗಳೇ ಬೇಕಾದವು. ಈ ಕಥೆಯನ್ನು ಹೇಳಿದ ಮೇಲೆ ನಮ್ಮ ಹುಡುಗಿ ಕಾಗದ ಪೆನ್ಸಿಲನ್ನು ಕೀಳಾಗಿ ಕಾಣುವುದನ್ನು ಬಿಟ್ಟಳು. ಒಂದೊಂದು ಸಾಲಿಗೂ ಯಾವ ಹೆಸರಿನಲ್ಲಿ ಯಾವ ಬೆಲೆ ಇದೆಯೆಂದು ಕೋಷ್ಟಕ ಹಾಕಿ ನೋಡುವುದನ್ನು ರೂಢಿ ಮಾಡಿಕೊಂಡಳು.

ಆದರೆ ಪರೀಕ್ಷೆ ಯಾರಿಗಾಗಿಯೂ ಕಾಯುವುದಿಲ್ಲ. ಹದಿನೈದರಲ್ಲಿ ಒಂಬತ್ತು ಹೀಗೆ ಅರ್ಥವಾದವು. ಆರು ಹಾಗೆಯೇ ಉಳಿದು ಬಾಯಿಪಾಠವಾಗಿಯೇ ತಲೆಯೊಳಗೆ ಹೋದವು. ಪ್ರಶ್ನೆಪತ್ರಿಕೆಯಲ್ಲಿ ಬಂದದ್ದು ಆ ಆರರಲ್ಲಿ ಒಂದು, ಬೈನರಿ ಸರ್ಚ್. ತಪ್ಪಿಲ್ಲದೆ ಬರೆದು ಬಂದಳು. ಸಂಜೆ ಹೂ ಕಟ್ಟುತ್ತಾ ಕೂತಿದ್ದಾಗ ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ಒಂದಕ್ಷರ ಅರ್ಥವಾಗದೆ ಪೂರ್ತಿ ಸರಿ ಬರೆದೆ. ಅದು ಕಾಪಿ ಹೊಡೆದ ಹಾಗೇ ಅಲ್ವಾ?"

ಹದಿನೇಳರ ಹುಡುಗಿಗೆ ಈ ಪ್ರಶ್ನೆ ಹುಟ್ಟಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ಹಾಗೆಂದು ಅವಳನ್ನು ಸಮಾಧಾನಪಡಿಸಲು ಏನೋ ಒಂದು ಹೇಳಿ ಮುಗಿಸುವ ಪ್ರಶ್ನೆಯೂ ಅದಲ್ಲ. ಕಾಪಿ ಹೊಡೆಯುವವನು ಇನ್ನೊಬ್ಬರ ಶ್ರಮವನ್ನು ಕದಿಯುತ್ತಾನೆ. ಉರು ಹೊಡೆದವಳದು ಸ್ವಂತ ಶ್ರಮ. ಮೌಲ್ಯಮಾಪಕರು ಕೇಳಿದ್ದು ಪ್ರೋಗ್ರಾಂ, ಇವಳು ಕೊಟ್ಟದ್ದೂ ಪ್ರೋಗ್ರಾಂ, ಅವರಿಗೆ ಮೋಸವಾಗಿಲ್ಲ. ಆದರೂ ಅವಳ ಮನಸ್ಸಿಗೆ ಕಸಿವಿಸಿಯಾದದ್ದು ಸುಳ್ಳಲ್ಲ. ಆ ಅಂಕ ನೋಡಿದವರು 'ಇವಳಿಗೆ ಇದು ಗೊತ್ತು' ಎಂದು ನಂಬುತ್ತಾರೆ. ಆ ನಂಬಿಕೆಗೆ ಅವಳ ಹತ್ತಿರ ಇನ್ನೂ ಬಂಡವಾಳವಿಲ್ಲ.

ನನಗೆ ಹೊಳೆದದ್ದನ್ನು ಅವಳಿಗೆ ಹೇಳಿದೆ: ಬಾಯಿಪಾಠ ಕಳ್ಳತನವಲ್ಲ ಮಗೂ, ಅದು ಸಾಲ. ಯಾರೋ ಯೋಚಿಸಿ ಕಂಡುಕೊಂಡದ್ದನ್ನು ಕಷ್ಟಕಾಲಕ್ಕೆಂದು ತಂದುಕೊಂಡಿದ್ದೀಯ. ಸಾಲ ತರುವುದು ಪಾಪವಲ್ಲ, ಮಾನವಂತರೆಲ್ಲ ತಂದಿದ್ದಾರೆ. ತೀರಿಸುವ ಮನಸ್ಸೇ ಇಲ್ಲದೆ ತರುವುದು, ತಂದದ್ದನ್ನು ನನ್ನದೇ ಆಸ್ತಿಯೆಂದು ಮೆರೆಯುವುದು, ಅದು ತಪ್ಪು. ಮಗ್ಗಿ ಸಾಲವಾಗಿ ಉಳಿದಿಲ್ಲ, ಯಾಕೆಂದರೆ ಅನುಮಾನ ಬಂದರೆ ಹುಣಸೆಬೀಜ ಎಣಿಸಿ ನೋಡಬಲ್ಲೆವು. ಹಾಗೆ ನೋಡಬಲ್ಲ ದಿನ ಕಂಠಸ್ಥವಾದದ್ದು ಕರಗತವಾಗುತ್ತದೆ.

ರಜೆಯಲ್ಲಿ ಅವಳು ಸಾಲ ತೀರಿಸಲು ಕೂತಳು. ಬೈನರಿ ಸರ್ಚ್ ನಮ್ಮ ಮನೆಯ ಕನ್ನಡ ನಿಘಂಟಿನಲ್ಲೇ ಸಿಕ್ಕಿತು. ನಡುವೆ ತೆರೆಯುವುದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡುವುದು, ಬೇಡವಾದ ಅರ್ಧವನ್ನು ಬಿಡುವುದು. ಸಾವಿರ ಹೆಸರಿನ ಪಟ್ಟಿಯಲ್ಲಿ ಹತ್ತು ಸಲ ನೋಡುವುದರೊಳಗೆ ಬೇಕಾದ ಹೆಸರು ಸಿಕ್ಕಿಬಿಡುತ್ತದೆ, ಆದರೆ ಪಟ್ಟಿ ಮೊದಲೇ ಕ್ರಮದಲ್ಲಿರಬೇಕು. ಆರರಲ್ಲಿ ನಾಲ್ಕು ತೀರಿದವು. ಉಳಿದೆರಡು ಇನ್ನೂ ಬಾಕಿ ಎಂದು ಅವಳೇ ಹೇಳುತ್ತಾಳೆ. ಬಾಕಿ ಇದೆಯೆಂದು ನೆನಪಿಟ್ಟುಕೊಂಡವರ ಬಗ್ಗೆ ನನಗೆ ಭಯವಿಲ್ಲ.

ಈಗ ಕೇಳಿದರೆ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದೆ, ಇನ್ನು ಕಲಿಯುವುದೇಕೆ ಎನ್ನುವವರಿದ್ದಾರೆ. ಸಾಲ ಕೊಡುವವರು ಹೆಚ್ಚಾದಷ್ಟೂ ಸಾಲಗಾರ ಎಚ್ಚರವಾಗಿರಬೇಕಲ್ಲವೆ? ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಔಷಧಿ ಪಟ್ಟಿ, ರೇಷನ್ ಕಾರ್ಡಿನ ಹೆಸರು, ಎಲ್ಲವೂ ಯಾರೋ ಬರೆದ ಪ್ರೋಗ್ರಾಮಿನ ಮೇಲೆ ನಡೆಯುವ ಕಾಲದಲ್ಲಿ ಪ್ರತಿ ಸಾಲಿಗೂ 'ಯಾಕೆ' ಎಂದು ಕೇಳಬಲ್ಲವರು ನಾಲ್ಕು ಜನವಾದರೂ ಬೇಕು.

ನಾವು ಹೆಂಗಸರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. "ಇಲ್ಲಿ ಸಹಿ ಮಾಡು" ಎಂದು ಬೆರಳು ತೋರಿಸಿದ ಕಡೆಯೆಲ್ಲ ಎಷ್ಟೋ ವರ್ಷ ದುಂಡಗೆ ಸಹಿ ಮಾಡಿದವರು ನಮ್ಮಲ್ಲಿ ಎಷ್ಟು ಜನ! ಸಹಿಯಲ್ಲಿ ತಪ್ಪಿರುತ್ತಿರಲಿಲ್ಲ, ಕಾಗದದಲ್ಲಿ ಏನಿದೆಯೆಂದು ಮಾತ್ರ ಗೊತ್ತಿರುತ್ತಿರಲಿಲ್ಲ. ನಮ್ಮ ಮಕ್ಕಳು ಕೂಡ ತಪ್ಪಿಲ್ಲದೆ ಬರೆಯಲಿ, ಅಂಕ ತರಲಿ, ಬೇಡವೆನ್ನುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಅವರ ಪಕ್ಕದಲ್ಲಿ ಕೂತು, "ಇದು ಯಾಕೆ ಹೀಗೆ?" ಎಂದು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ.